ಒಬ್ಬರ ದಾವೆ, ಸಾವಿರ ಜನರ ಹಕ್ಕು

ಬೆಂಗಳೂರಿನಲ್ಲಿ 1134 ಫ್ಲಾಟುಗಳ ಒಂದು ವಸತಿ ಸಮುಚ್ಚಯ. ಹೇಳಿದ ಗಡುವಿಗೆ ಮನೆ ಕೈಗೆ ಸಿಗಲಿಲ್ಲವೆಂದು ಅದರಲ್ಲಿ 51 ಫ್ಲಾಟುಗಳನ್ನು ಕೊಂಡಿದ್ದ 91 ಮಂದಿ ದೆಹಲಿಯ ರಾಷ್ಟ್ರೀಯ ಗ್ರಾಹಕ ಆಯೋಗದ ಮೊರೆಹೋದರು. ಸಮುಚ್ಚಯದಲ್ಲಿ ಮನೆ ಕೊಂಡ ಎಲ್ಲರ ಪರವಾಗಿಯೂ ದೂರು ನಡೆಸಲು ಅನುಮತಿ ಕೊಡಿ ಎಂದು ಕೇಳಿದರು. ಆಯೋಗ ಕೊಟ್ಟಿತು. ಸಮುಚ್ಚಯ ಕಟ್ಟಿದ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಡಿಸೆಂಬರ್ 17ರಂದು ಬಂದ ತೀರ್ಪು ಆ ಅನುಮತಿಯನ್ನು ಉಳಿಸಲಿಲ್ಲ. ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣ ಎಂದು ವಕೀಲರು ಈಗ ಉಲ್ಲೇಖಿಸುವುದು ಇದನ್ನೇ. ಮನೆ ತಡವಾಯಿತೋ ಇಲ್ಲವೋ, ಪರಿಹಾರ ಸಲ್ಲಬೇಕೋ ಬೇಡವೋ ಎಂಬ ಮಾತಿಗೆ ನ್ಯಾಯಾಲಯ ಕೈ ಹಾಕಲೇ ಇಲ್ಲ. ಎಲ್ಲ ಕೊಳ್ಳುಗರ ಹಿತಾಸಕ್ತಿ ಹೇಗೆ ಒಂದೇ ಎಂಬುದನ್ನು ದೂರಿನಲ್ಲಿ ಬರೆದಿಲ್ಲ, ವಿಳಂಬದ ಅವಧಿ 1134 ಫ್ಲಾಟುಗಳಿಗೂ ಒಂದೇ ಅಲ್ಲ, ಹಾಗಾಗಿ ಇದು ಎಲ್ಲರ ಪರವಾದ ದೂರು ಆಗಲಾರದು ಎಂದಿತು. ಆ 91 ಮಂದಿ ತಮ್ಮಷ್ಟಕ್ಕೆ ಸೇರಿ ಕೊಟ್ಟ ಜಂಟಿ ದೂರು ಎಂದು ಪರಿಗಣಿಸಿ ವಿಚಾರಣೆ ಮುಂದುವರಿಸಬಹುದೆಂದಿತು. ಉಳಿದ ಸಾವಿರಕ್ಕೂ ಹೆಚ್ಚು ಫ್ಲಾಟುಗಳ ಮಾಲೀಕರು ಆ ದೂರಿನ ಹೊರಗೇ ಉಳಿದರು.

ಗುಂಪಾಗಿ ನ್ಯಾಯ ಕೇಳಲು ನಮ್ಮಲ್ಲಿ ಕಾನೂನೇ ಇಲ್ಲ, ಅಮೆರಿಕದಲ್ಲಾದರೆ ಕಂಪನಿಗಳು ನಡುಗುತ್ತವೆ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅದು ಅರ್ಧ ಸತ್ಯ. ಕಾನೂನು ಇದೆ, 1908ರಿಂದಲೂ ಇದೆ. ಗುಂಪಿನ ದಾವೆಗಳು ಮುಗ್ಗರಿಸುವುದು ಅದು ಇಲ್ಲದ ಕಾರಣಕ್ಕಲ್ಲ. ವ್ಯಾಜ್ಯಕಾರಣ, ಸಮಾನ ಹಿತಾಸಕ್ತಿ, ಅನುಮತಿ, ನೋಟಿಸು, ಡಿಕ್ರಿ ಎಂಬ ನಾಲ್ಕೈದು ಪದಗಳು ಒಂದೊಂದೂ ಒಂದು ಕೆಲಸವನ್ನು ಹೊರಿಸುತ್ತವೆ. ಆ ಕೆಲಸ ಬಹುಪಾಲು ಕಕ್ಷಿದಾರರದು. ವಕೀಲರು ಅದನ್ನು ಕಾಗದಕ್ಕೆ ಇಳಿಸಬಲ್ಲರು, ಅಷ್ಟೇ. ವಕಾಲತ್ತಿಗೆ ಸಹಿ ಹಾಕಿದೊಡನೆ ತಮ್ಮ ಪಾಲಿನದು ಮುಗಿಯಿತೆಂದು ಗುಂಪು ಭಾವಿಸಿದ ಕಡೆಯಲ್ಲೆಲ್ಲ ದಾವೆ ಬಡವಾಗಿದೆ.

ಮೊದಲು ಸಿವಿಲ್ ದಾವೆಯ ಮೈಕಟ್ಟು ನೋಡೋಣ. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಮಾನ್ಯವಾಗಿ ಸರ್ಕಾರ ಒಂದು ಕಡೆ, ಆರೋಪಿ ಇನ್ನೊಂದು ಕಡೆ; ಸಂಶಯಕ್ಕೆಡೆಯಿಲ್ಲದಂತೆ ಅಪರಾಧ ಸಾಬೀತಾಗಬೇಕು. ಸಿವಿಲ್‌ನಲ್ಲಿ ಹಕ್ಕು ಕೇಳುವವನು ವಾದಿ, ಎದುರು ನಿಲ್ಲುವವನು ಪ್ರತಿವಾದಿ, ಮತ್ತು ಯಾರ ಮಾತು ಹೆಚ್ಚು ಸಂಭವನೀಯ ಎಂಬ ತೂಕದ ಮೇಲೆ ತೀರ್ಮಾನ. ವಾದಿ ಕೊಡುವುದು ವಾದಪತ್ರ. ಪ್ರತಿವಾದಿ ಕೊಡುವುದು ಲಿಖಿತ ಹೇಳಿಕೆ. ಹಿರಿಯರು ಕೈಫಿಯತ್ತು ಎನ್ನುತ್ತಿದ್ದುದು ಇದನ್ನೇ. ಅದಕ್ಕೆ ಸಮನ್ಸು ತಲುಪಿದ 30 ದಿನಗಳ ಗಡುವು, ಕಾರಣ ತೋರಿಸಿದರೆ 90 ದಿನದವರೆಗೆ. ಇಬ್ಬರ ಕಾಗದಗಳನ್ನೂ ಎದುರಿಗಿಟ್ಟುಕೊಂಡು, ಒಬ್ಬರು ಹೌದೆಂದು ಇನ್ನೊಬ್ಬರು ಅಲ್ಲವೆಂದ ಅಂಶಗಳನ್ನು ನ್ಯಾಯಾಧೀಶರು ಬೇರ್ಪಡಿಸಿ ಬರೆಯುತ್ತಾರೆ. ಅವು ವಿವಾದಾಂಶಗಳು. ಸಾಕ್ಷ್ಯ, ಪಾಟೀಸವಾಲು, ವಾದ ಎಲ್ಲವೂ ಆ ಅಂಶಗಳ ಸುತ್ತಲೇ ತಿರುಗಬೇಕು.

ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ದಾವೆಯ ಹಣೆಬರಹ ನಿರ್ಧಾರವಾಗುವುದು ವಾದಪತ್ರದಲ್ಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶವು ಅದರಲ್ಲಿ ಏನೇನಿರಬೇಕೆಂದು ಹೇಳುತ್ತದೆ: ಯಾವ ನ್ಯಾಯಾಲಯ, ಕಕ್ಷಿದಾರರು ಯಾರು, ವ್ಯಾಜ್ಯಕಾರಣವಾದ ಸಂಗತಿಗಳು ಏನು, ಅವು ಯಾವಾಗ ಘಟಿಸಿದವು, ಈ ನ್ಯಾಯಾಲಯಕ್ಕೇ ಅಧಿಕಾರವ್ಯಾಪ್ತಿ ಹೇಗೆ ಬಂತು, ದಾವೆಯ ಮೌಲ್ಯ ಎಷ್ಟು, ಬೇಡುವ ಪರಿಹಾರ ಯಾವುದು. ವ್ಯಾಜ್ಯಕಾರಣ ಎಂದರೆ ಸಿಟ್ಟಿನ ಕಾರಣವಲ್ಲ. ವಾದಿ ಗೆಲ್ಲಬೇಕಾದರೆ ಯಾವ ಯಾವ ಸಂಗತಿಗಳು ಸಾಬೀತಾಗಲೇಬೇಕೋ ಅವೆಲ್ಲ ಸೇರಿದ ಕಟ್ಟು. ಒಪ್ಪಂದ ಯಾವ ದಿನ ಆಯಿತು, ಏನು ಕೊಡುವುದಾಗಿ ಒಪ್ಪಿದ್ದರು, ಯಾವ ದಿನ ತಪ್ಪಿದರು, ಅದರಿಂದ ಎಷ್ಟು ನಷ್ಟ. ವಾದಪತ್ರದಲ್ಲಿ ವ್ಯಾಜ್ಯಕಾರಣವೇ ಕಾಣದಿದ್ದರೆ ಸಾಕ್ಷಿ ವಿಚಾರಣೆಗೆ ಮೊದಲೇ ಅದನ್ನು ತಿರಸ್ಕರಿಸಬಹುದು. ಬರೆಯದೆ ಬಿಟ್ಟ ಸಂಗತಿಗೆ ಆಮೇಲೆ ಎಂಥ ಸಾಕ್ಷಿಯನ್ನು ಕರೆತಂದರೂ ಉಪಯೋಗ ಕಡಿಮೆ, ಏಕೆಂದರೆ ವಾದಪತ್ರದಲ್ಲಿ ಇಲ್ಲದ ಸಂಗತಿಗೆ ಕೊಟ್ಟ ಸಾಕ್ಷ್ಯವನ್ನು ನ್ಯಾಯಾಲಯ ನೋಡುವುದಿಲ್ಲ ಎಂಬುದು ನಮ್ಮಲ್ಲಿ ನೆಲೆಯೂರಿದ ನಿಯಮ. ಕಾಲಮಿತಿಯ ಗಡಿಯಾರ ಓಡತೊಡಗುವುದೂ ವ್ಯಾಜ್ಯಕಾರಣ ಹುಟ್ಟಿದ ದಿನದಿಂದಲೇ. ಒಪ್ಪಂದ ಮುರಿದ ಪರಿಹಾರಕ್ಕೆ ಮೂರು ವರ್ಷ, ಗ್ರಾಹಕ ದೂರಿಗೆ ಎರಡು ವರ್ಷ, ಹಕ್ಕಿನ ಆಧಾರದ ಮೇಲೆ ಸ್ಥಿರಾಸ್ತಿಯ ಸ್ವಾಧೀನ ಕೇಳಲು ಹನ್ನೆರಡು ವರ್ಷ. ಈ ಒಂದು ಪದ ಅರ್ಥವಾದ ಕಕ್ಷಿದಾರ ತನ್ನ ಪತ್ರ, ರಸೀದಿ, ಈಮೇಲುಗಳನ್ನು ದಿನಾಂಕದ ಸಾಲಿನಲ್ಲಿ ಜೋಡಿಸಿಕೊಂಡೇ ವಕೀಲರ ಕಚೇರಿಗೆ ಹೋಗುತ್ತಾನೆ. ಅರ್ಥವಾಗದವನು ಅನ್ಯಾಯದ ಕಥೆಯನ್ನಷ್ಟೇ ಒಯ್ಯುತ್ತಾನೆ.

ಒಬ್ಬನ ದಾವೆಯಲ್ಲೇ ಇಷ್ಟು ಬಿಗಿ ಇದ್ದರೆ, ಸಾವಿರ ಜನರ ಪರವಾಗಿ ಒಬ್ಬ ನಿಲ್ಲುವಾಗ ಹೇಗಿರಬೇಡ? ಸಂಹಿತೆಯ 1ನೇ ಆದೇಶದ 8ನೇ ನಿಯಮ ಆ ದಾರಿಯನ್ನು ತೆರೆಯುತ್ತದೆ. ಅದಕ್ಕೆ ಪ್ರತಿನಿಧಿ ದಾವೆ ಎಂದು ಹೆಸರು. ಬಹಳ ಮಂದಿಗೆ ಒಂದೇ ಹಿತಾಸಕ್ತಿ ಇದ್ದಾಗ, ನ್ಯಾಯಾಲಯದ ಅನುಮತಿ ಪಡೆದು, ಒಬ್ಬರೋ ಕೆಲವರೋ ಎಲ್ಲರ ಪರವಾಗಿ ದಾವೆ ಹೂಡಬಹುದು. ಅನುಮತಿ ತಾನಾಗಿ ಬರುವುದಿಲ್ಲ. ವಾದಪತ್ರದ ಜೊತೆ ಪ್ರತ್ಯೇಕ ಮಧ್ಯಂತರ ಅರ್ಜಿ ಹಾಕಬೇಕು. ಅನುಮತಿ ಸಿಕ್ಕ ಮೇಲೆ, ಹಿತಾಸಕ್ತಿಯುಳ್ಳ ಎಲ್ಲರಿಗೂ ವಾದಿಯ ಖರ್ಚಿನಲ್ಲಿ ನೋಟಿಸು ಹೋಗಬೇಕು. ಜನ ಹೆಚ್ಚಿದ್ದು ಒಬ್ಬೊಬ್ಬರಿಗೆ ತಲುಪಿಸುವುದು ಆಗದಿದ್ದರೆ ಸಾರ್ವಜನಿಕ ಪ್ರಕಟಣೆ. ದಿನಪತ್ರಿಕೆಯ ಒಳಪುಟದಲ್ಲಿ, ಹೆಸರು ಬದಲಾವಣೆ, ಕಳೆದುಹೋದ ಅಂಕಪಟ್ಟಿಗಳ ನಡುವೆ ಸಣ್ಣಕ್ಷರದಲ್ಲಿ ಅಚ್ಚಾಗುವ ಚೌಕದಲ್ಲಿ ನ್ಯಾಯಾಲಯದ ಹೆಸರು, ಮೂಲ ದಾವೆಯ ಸಂಖ್ಯೆ, ಮುಂದಿನ ವಾಯಿದೆಯ ತಾರೀಖು ಇರುತ್ತವೆ. ಅದನ್ನು ನೋಡಿದವರು ತಾವೂ ಕಕ್ಷಿದಾರರಾಗಲು ಅರ್ಜಿ ಹಾಕಬಹುದು. ನೋಡದವರ ಪಾಡೇನು? ಅದೇ ನಿಯಮದ ಕೊನೆಯ ಭಾಗ ನಿಷ್ಠುರವಾಗಿದೆ: ಆ ದಾವೆಯ ಡಿಕ್ರಿ ಯಾರ ಪರವಾಗಿ ಹೂಡಲಾಗಿತ್ತೋ ಅವರೆಲ್ಲರನ್ನೂ ಕಟ್ಟಿಹಾಕುತ್ತದೆ. ಪ್ರಾಮಾಣಿಕವಾಗಿ ನಡೆಸಿದ ಇಂಥ ದಾವೆ ಒಮ್ಮೆ ತೀರ್ಮಾನವಾದರೆ, ಅದೇ ಹಕ್ಕಿಗೆ ಇನ್ನೊಬ್ಬರು ಮತ್ತೆ ದಾವೆ ಹೂಡುವಂತಿಲ್ಲ ಎಂದು 11ನೇ ಕಲಮೂ ಹೇಳುತ್ತದೆ. ತಾನು ಕೋರ್ಟಿನ ಮೆಟ್ಟಿಲೇ ಹತ್ತದವನೂ ಸೋಲಬಹುದು.

ಇಷ್ಟು ದೊಡ್ಡ ಪರಿಣಾಮ ಇರುವುದರಿಂದಲೇ ಸಮಾನ ಹಿತಾಸಕ್ತಿ ಎಂಬ ಬಾಗಿಲಲ್ಲಿ ನ್ಯಾಯಾಲಯ ಇಷ್ಟು ಕಟ್ಟುನಿಟ್ಟು. ಹಾಗೆಂದು ಬಾಗಿಲು ತೀರ ಕಿರಿದೇನೂ ಅಲ್ಲ. ಪ್ರತಿಯೊಬ್ಬರ ವ್ಯಾಜ್ಯಕಾರಣವೂ ಒಂದೇ ಆಗಿರಬೇಕಿಲ್ಲ ಎಂದು 1976ರ ತಿದ್ದುಪಡಿ ಸ್ಪಷ್ಟಪಡಿಸಿದೆ. ತಮಿಳುನಾಡು ವಸತಿ ಮಂಡಳಿಯ ಪ್ರಕರಣದಲ್ಲಿ, ಚೆನ್ನೈನ ಅಶೋಕನಗರದಲ್ಲಿ ಮನೆ ಹಂಚಿಕೆಯಾಗಿದ್ದ ಕಡಿಮೆ ಆದಾಯದವರಿಗೆ ಮಂಡಳಿ ಹೆಚ್ಚುವರಿ ಹಣ ಕಟ್ಟುವಂತೆ ಬೇರೆ ಬೇರೆ ನೋಟಿಸು ಕೊಟ್ಟಿತ್ತು. ಒಬ್ಬರು ಎಲ್ಲರ ಪರವಾಗಿ ದಾವೆ ಹೂಡಿದರು. ನೋಟಿಸು ಬೇರೆ, ಬಾಕಿಯ ಮೊತ್ತ ಬೇರೆ, ಆದ್ದರಿಂದ ಒಟ್ಟಾಗಿ ಬರುವಂತಿಲ್ಲ ಎಂಬ ಮಂಡಳಿಯ ವಾದವನ್ನು 1990ರಲ್ಲಿ ವರದಿಯಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಬೆಲೆ ಒಮ್ಮೆ ನಿಗದಿಯಾದ ಮೇಲೆ ಮತ್ತೆ ಕೇಳಬಹುದೇ ಎಂಬ ಪ್ರಶ್ನೆ ಎಲ್ಲರಿಗೂ ಒಂದೇ ತಾನೆ? ಬೆಂಗಳೂರಿನ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಒಂದೇ ಉತ್ತರ ಎಲ್ಲರ ವ್ಯಾಜ್ಯವನ್ನೂ ಬಗೆಹರಿಸಬಲ್ಲ ಪ್ರಶ್ನೆ ಅಲ್ಲಿ ಇತ್ತು. ಇಲ್ಲಿ ಅಂಥ ಪ್ರಶ್ನೆಯನ್ನು ಕಾಗದದ ಮೇಲೆ ಮೂಡಿಸಿರಲಿಲ್ಲ. ಗಡುವು, ವಿಳಂಬದ ಅವಧಿ, ಯಾರು ಯಾವಾಗ ಕೊಂಡರು ಎಂಬ ವಿವರಗಳನ್ನು ಕಲೆಹಾಕಿ, ಒಂದೇ ಬಗೆಯವರನ್ನು ಒಂದು ಗುಂಪಾಗಿ ಗುರುತಿಸಿ ದೂರು ಬರೆದಿದ್ದರೆ ಫಲ ಬೇರೆಯಾಗುವ ಸಾಧ್ಯತೆ ಇತ್ತೆಂಬುದು ನನ್ನ ಅಭಿಪ್ರಾಯ. ಆ ವಿವರ ಇರುವುದು ವಕೀಲರ ಬಳಿ ಅಲ್ಲ, ಕೊಂಡವರ ಬಳಿ.

ಅಮೆರಿಕದಲ್ಲೂ ಈ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಅಲ್ಲಿನ ಫೆಡರಲ್ ನಿಯಮ 23ರ ಪ್ರಕಾರ ಗುಂಪಿನ ದಾವೆಗೆ ನ್ಯಾಯಾಲಯದ ಮನ್ನಣೆ ಬೇಕು: ಜನ ಬಹಳವಿರಬೇಕು, ಸಮಾನ ಪ್ರಶ್ನೆ ಇರಬೇಕು, ಪ್ರತಿನಿಧಿಯ ಪ್ರಕರಣ ಉಳಿದವರದಕ್ಕೆ ಮಾದರಿಯಾಗಿರಬೇಕು, ಆತ ಎಲ್ಲರ ಹಿತ ಕಾಯಬಲ್ಲವನಾಗಿರಬೇಕು. ವಾಲ್‌ಮಾರ್ಟ್ ಕಂಪನಿಯ ವಿರುದ್ಧ ಸುಮಾರು 15 ಲಕ್ಷ ಮಹಿಳಾ ನೌಕರರ ಪರವಾಗಿ ಹೂಡಿದ್ದ ತಾರತಮ್ಯದ ದಾವೆ 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು ಸಮಾನ ಪ್ರಶ್ನೆ ಇಲ್ಲವೆಂಬ ಕಾರಣಕ್ಕೇ. ಸಾವಿರಾರು ಅಂಗಡಿಗಳಲ್ಲಿ ಬೇರೆ ಬೇರೆ ವ್ಯವಸ್ಥಾಪಕರು ತೆಗೆದುಕೊಂಡ ನಿರ್ಧಾರಗಳನ್ನು ಒಟ್ಟುಗೂಡಿಸುವ ಅಂಟು ಯಾವುದು ಎಂದು ನ್ಯಾಯಮೂರ್ತಿಗಳು ಕೇಳಿದರು. ಒಂದು ವ್ಯತ್ಯಾಸ ಮಾತ್ರ ಮುಖ್ಯ. ಹಣದ ಪರಿಹಾರ ಕೇಳುವ ಅಮೆರಿಕದ ಗುಂಪು ದಾವೆಗಳಲ್ಲಿ ಬೇಡವೆನ್ನುವವರು ನೋಟಿಸಿಗೆ ಉತ್ತರಿಸಿ ಗುಂಪಿನಿಂದ ಹೊರಬರಬಹುದು. ನಮ್ಮ 8ನೇ ನಿಯಮದಲ್ಲಿ ಒಳಗೆ ಬಂದು ಮಾತಾಡುವ ಹಕ್ಕು ಬರೆದಿದೆ, ಹೊರಗೆ ಹೋಗುವ ಹಕ್ಕು ಬರೆದಿಲ್ಲ.

ಗ್ರಾಹಕರಿಗೆ ಈ ನಿಯಮ 2019ರ ಗ್ರಾಹಕ ರಕ್ಷಣಾ ಕಾಯ್ದೆಯ 35(1)(ಸಿ) ಕಲಮಿನ ಮೂಲಕ ಸಿಗುತ್ತದೆ. ಷೇರುದಾರರಿಗೆ ಬೇರೆ ದಾರಿ ಬೇಕಾಯಿತು. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಲೆಕ್ಕ ಸುಳ್ಳೆಂದು ಅದರ ಅಧ್ಯಕ್ಷರೇ ಒಪ್ಪಿಕೊಂಡಾಗ, ನ್ಯೂಯಾರ್ಕ್ ಷೇರುಪೇಟೆಯಲ್ಲಿ ಹಣ ಹಾಕಿದ್ದವರು ಅಲ್ಲಿ ಗುಂಪು ದಾವೆ ಹೂಡಿ 2011ರಲ್ಲಿ ಕಂಪನಿಯಿಂದ 12.5 ಕೋಟಿ ಡಾಲರಿನ ರಾಜಿ ಪಡೆದರು. ಅದೇ ಷೇರನ್ನು ಮುಂಬೈ ಪೇಟೆಯಲ್ಲಿ ಕೊಂಡಿದ್ದವರಿಗೆ ಅಂಥ ದಾರಿ ಇರಲಿಲ್ಲ. 2013ರ ಕಂಪನಿ ಕಾಯ್ದೆಯ 245ನೇ ಕಲಮು ಆ ಕೊರತೆಗೆ ಬಂದ ಉತ್ತರ. ಅದು ಜಾರಿಯಾದದ್ದು 2016ರ ಜೂನ್ 1ರಂದು. ಕನಿಷ್ಠ ಎಷ್ಟು ಷೇರುದಾರರು ಬೇಕೆಂಬ ನಿಯಮ ಬರಲು 2019ರ ಮೇ ತಿಂಗಳವರೆಗೆ ಕಾಯಬೇಕಾಯಿತು: 100 ಮಂದಿ ಅಥವಾ ಒಟ್ಟು ಸದಸ್ಯರಲ್ಲಿ ಶೇ 5, ಯಾವುದು ಕಡಿಮೆಯೋ ಅದು, ಇಲ್ಲವೇ ಷೇರುಪೇಟೆಯಲ್ಲಿರುವ ಕಂಪನಿಯಾದರೆ ಶೇ 2ರಷ್ಟು ಷೇರು ಬಂಡವಾಳ. ನಿರ್ದೇಶಕರಷ್ಟೇ ಅಲ್ಲ, ಲೆಕ್ಕ ಪರಿಶೋಧಕರ ಮೇಲೂ ಇದರಡಿ ಪರಿಹಾರ ಕೇಳಬಹುದು. ಬ್ಯಾಂಕುಗಳಿಗೆ ಮಾತ್ರ ಈ ಕಲಮು ಅನ್ವಯಿಸುವುದಿಲ್ಲ. ಅವುಗಳನ್ನು ಏಕೆ ಬಿಟ್ಟರೋ, ಸಣ್ಣ ಹೂಡಿಕೆದಾರರು ಹೆಚ್ಚು ನಂಬಿ ಹಣ ಹಾಕುವುದು ಅಲ್ಲೇ.

ಇದೆಲ್ಲ ವಕೀಲರಿಗೆ ತಿಳಿದಿದ್ದರೆ ಸಾಲದೆ, ರೋಗಿ ವೈದ್ಯಶಾಸ್ತ್ರ ಓದಬೇಕೆ ಎಂದು ಕೇಳುವವರಿದ್ದಾರೆ. ವಾದ ಮಂಡನೆ ವಕೀಲರದೇ, ಅನುಮಾನವಿಲ್ಲ. ಆದರೆ ಅವರ ಕಸುಬಿನ ಕಟ್ಟುಪಾಡುಗಳನ್ನು ಗಮನಿಸಿ. ಗೆದ್ದರೆ ಇಷ್ಟು ಪಾಲು ಎಂದು ಶುಲ್ಕ ಗೊತ್ತುಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ, ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಸೆಳೆಯುವುದನ್ನೂ ನಿಷೇಧಿಸುತ್ತವೆ. ಅಮೆರಿಕದಲ್ಲಿ ಸಾವಿರಾರು ಜನರನ್ನು ಹುಡುಕಿ, ಸ್ವಂತ ಹಣ ಹೂಡಿ, ದಾವೆಯನ್ನು ಹೊತ್ತು ನಡೆಸುವುದು ವಕೀಲರ ಸಂಸ್ಥೆಗಳು. ಇಲ್ಲಿ ಜನರನ್ನು ಒಗ್ಗೂಡಿಸುವುದು, ಪತ್ರಿಕಾ ಪ್ರಕಟಣೆಯ ಖರ್ಚು ಭರಿಸುವುದು, ವಿವರ ಕಲೆಹಾಕುವುದು ಎಲ್ಲವೂ ಕಕ್ಷಿದಾರರ ತಲೆಯ ಮೇಲೆ. ಹಾಗಿರುವಾಗ, ಆ ಕೆಲಸದ ಹೆಸರೇ ಗೊತ್ತಿಲ್ಲದವರು ಅದನ್ನು ಮಾಡುವುದು ಹೇಗೆ?

ಇನ್ನು ಕೆಲವರು, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಇದೆಯಲ್ಲ, ಸರ್ಕಾರವಿದೆಯಲ್ಲ, ಈ ತಾಪತ್ರಯ ಏಕೆ ಎನ್ನುತ್ತಾರೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಕೆರೆ ಉಳಿಸಬಲ್ಲದು, ಜೀತ ಬಿಡಿಸಬಲ್ಲದು. ಆದರೆ ಒಪ್ಪಂದದ ಪ್ರಕಾರ ನಿಮಗೆ ಬರಬೇಕಾದ ಎಂಟು ಲಕ್ಷವನ್ನು ಲೆಕ್ಕಹಾಕಿ ಕೊಡಿಸುವ ವೇದಿಕೆ ಅದಲ್ಲ. ಸರ್ಕಾರ ಜನರ ಪರ ನಿಂತ ಉದಾಹರಣೆಗಳು ಧೈರ್ಯ ತುಂಬುವಂಥವಲ್ಲ. ಮ್ಯಾಗಿ ವಿಚಾರದಲ್ಲಿ ಕೇಂದ್ರ ಸರ್ಕಾರ 2015ರಲ್ಲಿ ನೆಸ್ಲೆ ಮೇಲೆ 640 ಕೋಟಿ ರೂಪಾಯಿಯ ದೂರು ಹೂಡಿತು. ರಾಷ್ಟ್ರೀಯ ಆಯೋಗ ಅದನ್ನು 2024ರ ಏಪ್ರಿಲ್‌ನಲ್ಲಿ ವಜಾ ಮಾಡಿತು. ಅದಕ್ಕಿಂತ ಬಹಳ ದೊಡ್ಡದು ಭೋಪಾಲ. 1984ರ ಡಿಸೆಂಬರಿನ ಅನಿಲ ದುರಂತದ ನಂತರ 1985ರ ಕಾಯ್ದೆಯೊಂದು ಎಲ್ಲ ಸಂತ್ರಸ್ತರ ಪರವಾಗಿ ದಾವೆ ಹೂಡುವ ಹಕ್ಕನ್ನು ಕೇಂದ್ರ ಸರ್ಕಾರಕ್ಕೇ ಒಪ್ಪಿಸಿತು. 1989ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ 47 ಕೋಟಿ ಡಾಲರಿಗೆ ರಾಜಿಯಾಯಿತು. ಸಂತ್ರಸ್ತರಿಗೆ ಮೊದಲೇ ನೋಟಿಸು ಹೋಗಿರಲಿಲ್ಲ. ಕಾಯ್ದೆಯ ಸಿಂಧುತ್ವವನ್ನು ಎತ್ತಿಹಿಡಿದ ಸಂವಿಧಾನ ಪೀಠವೇ, ರಾಜಿಗೆ ಮುನ್ನ ಅವರ ಮಾತು ಕೇಳಬೇಕಿತ್ತೆಂದು ಒಪ್ಪಿತು. ಆದರೂ ರಾಜಿ ಮುರಿಯಲಿಲ್ಲ. ಹೆಚ್ಚಿನ ಪರಿಹಾರ ಕೋರಿ ಸರ್ಕಾರ ಆಮೇಲೆ ಹಾಕಿದ, ಮುಗಿದ ತೀರ್ಪನ್ನು ಸರಿಪಡಿಸಲು ಕೇಳುವ ಕ್ಯುರೇಟಿವ್ ಅರ್ಜಿ 2023ರ ಮಾರ್ಚಿನಲ್ಲಿ ವಜಾ ಆಯಿತು. ನೋಟಿಸು ಎಂಬುದು ಬರೀ ಕಾಗದದ ಶಾಸ್ತ್ರವೆನ್ನುವವರಿಗೆ ಇದಕ್ಕಿಂತ ಕಹಿ ಉತ್ತರ ಬೇರೆ ಬೇಕಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಗುಂಪಿನ ದಾವೆ ಕಂಪನಿಗಳನ್ನು ಬೆದರಿಸಿ ಹಣ ಕೀಳುವ ಉದ್ಯಮವಾಗುತ್ತದೆ, ಜನರಿಗೆ ಚಿಲ್ಲರೆ, ವಕೀಲರಿಗೆ ಕೋಟಿ ಎಂಬುದು. ಅಮೆರಿಕದಲ್ಲಿ ಆ ದೂರು ಹಳೆಯದು, ಆಧಾರವಿಲ್ಲದ್ದೂ ಅಲ್ಲ. ಆದರೆ ನಮ್ಮ ಕಾನೂನಿನಲ್ಲೇ ಅದಕ್ಕೆ ಕಡಿವಾಣಗಳಿವೆ. ಪ್ರತಿನಿಧಿ ದಾವೆಯನ್ನು ವಾದಿ ತನ್ನ ಇಷ್ಟಕ್ಕೆ ಹಿಂತೆಗೆದುಕೊಳ್ಳುವಂತಿಲ್ಲ, ಪ್ರತಿವಾದಿಯ ಜೊತೆ ಒಳಗೊಳಗೇ ರಾಜಿ ಮಾಡಿಕೊಳ್ಳುವಂತಿಲ್ಲ. ಅದಕ್ಕೂ ಎಲ್ಲರಿಗೂ ನೋಟಿಸು ಹೋಗಬೇಕು. 23ನೇ ಆದೇಶದ 3ಬಿ ನಿಯಮದಂತೆ ನ್ಯಾಯಾಲಯದ ಅನುಮತಿ ಇಲ್ಲದ ರಾಜಿ ಅಸಿಂಧು. ಕ್ಷುಲ್ಲಕವೆಂದು ಕಂಡ 245ನೇ ಕಲಮಿನ ಅರ್ಜಿಗೆ ಒಂದು ಲಕ್ಷ ರೂಪಾಯಿವರೆಗೆ ಖರ್ಚು ಹೊರಿಸಬಹುದು. ಬೆಂಗಳೂರಿನ ಪ್ರಕರಣದ ಬಿಗಿಯನ್ನೂ ನಾನು ಇದೇ ಬೆಳಕಿನಲ್ಲಿ ನೋಡುತ್ತೇನೆ. 91 ಮಂದಿಗೆ ಅದು ನಿರಾಸೆಯಾದರೂ, ಕೇಳದೆಯೇ ತಮ್ಮನ್ನು ಎಳೆದುತಂದರು ಎಂದು ದೂರಬಹುದಾಗಿದ್ದ ಉಳಿದವರಿಗೆ ಅದು ರಕ್ಷಣೆ.

ಗೆದ್ದ ಮೇಲಿನ ಪದಗಳ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ತೀರ್ಪು ಎಂದರೆ ನ್ಯಾಯಾಧೀಶರು ಕೊಟ್ಟ ಕಾರಣಗಳು. ಡಿಕ್ರಿ ಎಂದರೆ ಯಾರಿಗೆ ಏನು ಸಲ್ಲಬೇಕೆಂಬ ವಿಧ್ಯುಕ್ತ ಹೇಳಿಕೆ. ಎದುರಾಳಿ ತಾನಾಗಿ ಕೊಡದಿದ್ದರೆ ಡಿಕ್ರಿ ಹಿಡಿದು ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ ಹನ್ನೆರಡು ವರ್ಷದ ಕಾಲಮಿತಿ, ಅದರಲ್ಲೇ ಆಸ್ತಿ ಜಪ್ತಿ, ಹರಾಜು. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಬೆಂಗಳೂರಿನ ಒಂದು ಜಮೀನಿನ ವ್ಯಾಜ್ಯ ವರ್ಷಾನುಗಟ್ಟಲೆ ಎಳೆದಾಡಿ ಸುಪ್ರೀಂ ಕೋರ್ಟಿಗೆ ಬಂದಾಗ, 2021ರ ಏಪ್ರಿಲ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ದೇಶದ ಎಲ್ಲ ಸಿವಿಲ್ ನ್ಯಾಯಾಲಯಗಳಿಗೆ ನಿರ್ದೇಶಿಸಿತು. ಗೆದ್ದವನು ಸೋತ ಎಂಬ ನಮ್ಮ ಊರಿನ ಗಾದೆ ಹುಟ್ಟಿದ್ದು ಬಹುಶಃ ಈ ಹಂತದಲ್ಲೇ.

ಗುಂಪಾಗಿ ಕೋರ್ಟಿಗೆ ಹೋಗುವವರು ಕರಡು ಕೈಗೆ ಬಂದಾಗ ಸಹಿಗೆ ಮುಂಚೆ ಎರಡು ವಿಷಯ ನೋಡಲಿ. ದೂರು ಯಾವ ಕಲಮಿನಡಿ ಇದೆ: ತಮ್ಮಷ್ಟಕ್ಕೆ ಜಂಟಿಯಾಗಿಯೋ, ಎಲ್ಲರ ಪರವಾಗಿಯೋ? ಎಲ್ಲರ ಪರವಾಗಿ ಎಂದಾದರೆ, ಎಲ್ಲರಿಗೂ ಒಂದೇ ಆದ ಪ್ರಶ್ನೆ ಯಾವುದು ಎಂಬುದನ್ನು ಯಾವ ಪ್ಯಾರಾದಲ್ಲಿ ಬರೆದಿದೆ? ಆ ಪ್ಯಾರಾ ಸಿಗದಿದ್ದರೆ ಕರಡನ್ನು ವಾಪಸು ಕೊಡಿ. ಕೋರ್ಟಿಗೆ ಹೋಗದವರು ದಿನಪತ್ರಿಕೆಯ ಆ ಸಣ್ಣಕ್ಷರದ ಚೌಕವನ್ನು ಓದಿ. ನಿಮ್ಮ ಬಡಾವಣೆ, ನಿಮ್ಮ ಸಂಘ, ನೀವು ಷೇರು ಕೊಂಡ ಕಂಪನಿಯ ಹೆಸರು ಅಲ್ಲಿದ್ದರೆ, ಅದರಲ್ಲಿ ನಮೂದಾದ ವಾಯಿದೆಯ ದಿನದೊಳಗೆ ಅರ್ಜಿ ಹಾಕಿ.